ಚೂಪು ಮೂಲೆಯ ಕಾಕ

ನನ್ನ ಡೈರಿಯಲ್ಲಿ ಅವರ ಹೆಸರು ಎಲ್ಲೂ ಇಲ್ಲ. ಎಲ್ಲ ಕಡೆ ‘ಕಾಕ’ ಎಂದೇ ಬರೆದಿದ್ದೇನೆ. ಮೊನ್ನೆ ಕುಳಿತು ಎಣಿಸಿದೆ; ಒಂದು ವರ್ಷದ ಪುಟಗಳಲ್ಲಿ ನೂರ ತೊಂಬತ್ತೊಂದು ಕಡೆ ಆ ಪದ ಬಂದಿದೆ. ಕೊನೆಯದು ಈ ಫೆಬ್ರವರಿ ಹನ್ನೆರಡರದ್ದು: ‘ಕಾಕ ಬೆಳಗ್ಗೆ ತೀರಿಕೊಂಡರು. ಮೇಲೆ ಹತ್ತಿಸುವಾಗ ಹೆಗಲು ಕೊಟ್ಟೆ, ಎರಡು ಸಲ.’ ಊರಿನವರಿಗೂ ಅವರು ಕಾಕನೇ ಆಗಿದ್ದರು. ಇಲ್ಲಿಯೂ ಹಾಗೆಯೇ ಇರಲಿ.

ಕಾಕ ಮರಗೆಲಸದವರು. ಗಲ್ಫಿನಲ್ಲಿ ಹತ್ತೊಂಬತ್ತು ವರ್ಷ ದೊಡ್ಡ ಮನೆಗಳಿಗೆ ಬಾಗಿಲು ಮಾಡಿ ಊರಿಗೆ ಮರಳಿದವರು. ರಾಮಕುಂಜದಲ್ಲಿ ನಮ್ಮ ಮನೆ ಡಾಮರು ರಸ್ತೆಯ ಬದಿಗಿದೆ. ಅವರದು ಅಲ್ಲಿಂದ ಇನ್ನೂರ ಹತ್ತು ಮೀಟರ್ ಕೆಳಗೆ, ಸಣ್ಣ ಹಳ್ಳದಂಥ ತೋಡಿನ ಹತ್ತಿರ. ನಡುವೆ ಇರುವುದು ಒಂದು ಏರು ಕಾಲುದಾರಿ. ಒಂದು ಬದಿ ಗೋಡೆಯಂತೆ ಕಡಿದಾದ ಮುರಕಲ್ಲಿನ ಬರೆ, ಇನ್ನೊಂದು ಬದಿ ರಬ್ಬರ್ ತೋಟದ ತಗ್ಗು. ಅಗಲ ನಾಲ್ಕು ಅಡಿ, ಕೆಲವು ಕಡೆ ಮೂರೂವರೆ. ರಿಕ್ಷಾ ಇಳಿಯುವುದಿಲ್ಲ. ದಾರಿ ಅಗಲ ಮಾಡುವ ಮಾತು ಎರಡು ಗ್ರಾಮಸಭೆಗಳಲ್ಲಿ ಬಂದು ಹೋಗಿದೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪುತ್ತೂರಿನ ದರ್ಬೆಯಲ್ಲಿ ಪಂಪುಸೆಟ್ಟು ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಕಾಕ ಮನೆಯಲ್ಲಿ ಬ್ಯಾರಿ, ಊರಿನವರ ಜೊತೆ ತುಳು ಆಡುತ್ತಿದ್ದರು. ನನ್ನ ಜೊತೆ ಮಾತ್ರ ಕನ್ನಡ; ಅದರಲ್ಲಿಯೂ ಮಗನೇ ಎನ್ನಲು ಬ್ಯಾರಿಯ ‘ಮೋನೆ’ಯೇ. ಒಮ್ಮೆ ಕಾರಣ ಕೇಳಿದ್ದಕ್ಕೆ, ಡಿಪ್ಲೊಮಾ ಓದಿದವನ ಹತ್ತಿರ ತುಳುವಿನಲ್ಲಿ ಮಾತಾಡಿದರೆ ಸರ್ಟಿಫಿಕೇಟಿಗೆ ಬೇಜಾರಾದೀತು ಎಂದು ಹೇಳಿದ್ದರು.

ಯಾರ ಮನೆಗೆ ಹೋದರೂ ಅವರು ಮೊದಲು ಮಾತಾಡುತ್ತಿದ್ದದ್ದು ಬಾಗಿಲಿನ ಜೊತೆ. ಒಳಗಿನವರು ಬನ್ನಿ ಬನ್ನಿ ಎಂದು ಕರೆಯುತ್ತಿದ್ದರೂ ಇವರು ಹೊಸ್ತಿಲಿನಲ್ಲಿಯೇ ನಿಂತು ಹೆಬ್ಬೆರಳಿನ ಉಗುರನ್ನು ಬಾಗಿಲಿನ ಸಂದಿಗೆ ತಾಗಿಸಿ ಮೇಲಿನಿಂದ ಕೆಳಗೆ ಎಳೆಯುತ್ತಿದ್ದರು. ಉಗುರು ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ ಒಳಗೆ ಬರುತ್ತಿದ್ದರು. ಸಿಕ್ಕಿಕೊಂಡರೂ ಬರುತ್ತಿದ್ದರು, ಆದರೆ ಚಾ ಕುಡಿಯುವಷ್ಟು ಹೊತ್ತೂ ಕಣ್ಣು ಬಾಗಿಲಿನ ಮೇಲೆಯೇ. ನಮ್ಮ ಮನೆಯ ಬಾಗಿಲು ಅವರ ಪರೀಕ್ಷೆಯಲ್ಲಿ ಫೇಲಾಗಿತ್ತು. ಒಂದು ಭಾನುವಾರ ಯಾರೂ ಕರೆಯದೆ ಉಳಿ, ಕೀಸುಳಿ ಹಿಡಿದುಕೊಂಡು ಬಂದು ಅದನ್ನು ಬಿಚ್ಚಿ ಸರಿ ಮಾಡಿ ಹೋದರು. ಹಳೆಯ ಸಂದಿನಿಂದ ತೆಗೆದ ಹದಿನಾಲ್ಕು ಆಣಿಗಳನ್ನು ನನ್ನ ಅಮ್ಮನ ಕೈಗೆ ಕೊಟ್ಟು, ಮರಕ್ಕೆ ಇಷ್ಟು ಇಂಜೆಕ್ಷನ್ ಕೊಟ್ಟವ ಯಾವ ಡಾಕ್ಟರು ಎಂದು ಕೇಳಿದ್ದರಂತೆ.

ಅವರ ಕೆಲಸದ ಗುರುತು ಮೂಲೆ. ಒಂದು ಮರದ ನಾಲಿಗೆ ಇನ್ನೊಂದು ಮರದ ತೂತಿಗೆ ಹೋಗಿ ಕೂರುವಲ್ಲಿ, ನಾಲಿಗೆಯ ಬುಡದ ಮೂಲೆ ಕತ್ತಿಯ ಬಾಯಿಯಂತೆ ಚೂಪಾಗಿರಬೇಕು. ಒಂದು ಎಳೆಯಷ್ಟು ದುಂಡಗೆ ಉರುಟು ಉಳಿದರೂ ಎರಡು ಮರ ಮುಖಕ್ಕೆ ಮುಖ ಕೊಟ್ಟು ಕೂರುವುದಿಲ್ಲ, ಸಂದಿನಲ್ಲಿ ಬೆಳಕು ಕಾಣುತ್ತದೆ. ಕಾಕ ಮಾಡಿದ ಸಂದಿನಲ್ಲಿ ಬೆಳಕು ಕಂಡವರಿಲ್ಲ. ಯಾರದ್ದಾದರೂ ಕೆಲಸ ಅವರಿಗೆ ಹಿಡಿಸದಿದ್ದರೆ ಬೈಯುತ್ತಿರಲಿಲ್ಲ. ‘ಮೂಲೆ ಉರುಟುಂಟು’ ಎಂದು ಹೇಳಿ ಸುಮ್ಮನಾಗುತ್ತಿದ್ದರು. ಒಬ್ಬ ಕಂತ್ರಾಟುದಾರನ ಸ್ವಭಾವದ ಬಗ್ಗೆಯೂ ಅವರು ಇದೇ ಮಾತು ಹೇಳಿದ್ದನ್ನು ಕೇಳಿದ್ದೇನೆ.

ಅವರ ಹೆಂಡತಿಯನ್ನು ನಾವೆಲ್ಲ ಉಮ್ಮ ಎಂದು ಕರೆಯುತ್ತಿದ್ದೆವು. ಮೂರು ವರ್ಷದ ಹಿಂದೆ ಅವರ ಕಿಡ್ನಿ ಹೋಯಿತು; ಆಮೇಲೆ ಸಕ್ಕರೆ ಕಾಯಿಲೆಯಿಂದ ಎಡಗಾಲಿನ ಪಾದವೂ ಹೋಯಿತು. ಮಂಗಳವಾರ, ಗುರುವಾರ, ಶನಿವಾರ ಪುತ್ತೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ದರ್ಬೆಯಲ್ಲಿ ಮಗಳ ಮನೆ ಇದೆ. ಅಲ್ಲಿ ಎರಡು ತಿಂಗಳು ಇದ್ದು ನೋಡಿದರು. ಅದು ಎರಡನೇ ಮಾಳಿಗೆ, ಲಿಫ್ಟ್ ಇಲ್ಲ, ಮೆಟ್ಟಿಲು ನಲವತ್ತೆರಡು. ಅಲ್ಲಿಯೂ ಎತ್ತಿಕೊಂಡೇ ಇಳಿಸಬೇಕು. ಇಳಿಸುವವರು ಗುರುತಿಲ್ಲದ ಜನ. ಅದಕ್ಕಿಂತ ನಮ್ಮ ಊರಿನವರೇ ವಾಸಿ ಎಂದು ಉಮ್ಮ ವಾಪಸು ಬಂದರು.

ಹೀಗೆ ನಾವು ನಾಲ್ಕು ಜನ ಸೇರಿ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊರುತ್ತಿದ್ದೆವು. ನಾಲ್ಕರಲ್ಲಿ ಒಬ್ಬರು ಮೇಲಿನ ತೋಟದಲ್ಲಿ ರಬ್ಬರ್ ಮರದ ಹಾಲು ಇಳಿಸುವ, ಟ್ಯಾಪಿಂಗ್ ಮಾಡುವ ಅಣ್ಣ. ಅವರ ಬಾಯಿ ಸುಮ್ಮನಿರುವುದಿಲ್ಲ. ದಾರಿಯುದ್ದಕ್ಕೂ ಏನಾದರೂ ಹೇಳಿ ನಗಿಸುತ್ತಿದ್ದರು. ಉಮ್ಮ ನಗುತ್ತಿರಲಿಲ್ಲ. ಕುರ್ಚಿ ನೆಲ ಬಿಟ್ಟ ಕೂಡಲೇ ತಲೆಯ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡು ಕಣ್ಣು ಮುಚ್ಚುತ್ತಿದ್ದರು. ರಿಕ್ಷಾದಲ್ಲಿ ಕೂರಿಸಿದ ಮೇಲೆಯೇ ಬಟ್ಟೆ ತೆಗೆಯುವುದು. ಎತ್ತುವಾಗ ಭಯ ಇರಬೇಕು ಎಂದು ನಾನು ಎಣಿಸಿದ್ದೆ.

ಭಯ ಅಲ್ಲ ಎಂದು ತಿಳಿಸಿದವರು ಕಾಕ. ಕಳೆದ ವರ್ಷ ಜನವರಿಯಲ್ಲಿ ಒಂದು ಸಂಜೆ ಅಂಗಡಿಗೆ ಬಂದು, ಒಬ್ಬ ಮನುಷ್ಯನನ್ನು ಕೂರಿಸಿಕೊಂಡು ನಮ್ಮ ದಾರಿ ಹತ್ತಲು ಎಷ್ಟು ಶಕ್ತಿಯ ಇಂಜಿನ್ ಬೇಕಾದೀತು ಎಂದು ಕೇಳಿದರು. ಯಾಕೆ ಎಂದೆ. ಶೋಕೇಸಿನ ಮೂಲೆಯನ್ನು ಉಗುರಿನಿಂದ ಕೆರೆಯುತ್ತ ಹೇಳಿದರು:

“ನಾಲ್ಕು ಜನ ಎತ್ತಿಕೊಂಡು ಹೋಗುದು ಮನುಷ್ಯನಿಗೆ ಒಂದು ಸಲ ಸಾಕಂತೆ. ವಾರಕ್ಕೆ ಮೂರು ಸಲ ನನ್ನಿಂದ ಆಗುದಿಲ್ಲ ಅಂತ ಹೇಳ್ತಾಳೆ. ಇನ್ನು ಹೋಗುದೇ ಇಲ್ವಂತೆ.”

ಕಾಕ ಅದನ್ನು ತಮಾಷೆಯಂತೆ ಹೇಳಲಿಲ್ಲ. ಉಮ್ಮ ಹೇಳಿದ್ದನ್ನು ಮಾಡುವ ಹೆಂಗಸು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮರುದಿನ ನಾನು ಟೇಪು ಹಿಡಿದು ದಾರಿ ಅಳೆದೆ. ಏರು ಲೆಕ್ಕ ಹಾಕಿದೆ. ಐದು ಹಾರ್ಸ್ ಪವರಿನ ಪೆಟ್ರೋಲ್ ಇಂಜಿನ್ ಸಾಕು, ನಡಿಗೆಯ ವೇಗದಲ್ಲಿ ಹತ್ತಬಹುದು ಎಂದು ಬರೆದು ಕೊಟ್ಟೆ.

ಇಂಜಿನ್ ಪುತ್ತೂರಿನ ಗುಜರಿಯಲ್ಲಿ ಸಿಕ್ಕಿತು. ಯಾರದೋ ಹಳೆ ಪಂಪಿನದ್ದು, ಆದರೆ ಒಳಗೆ ಚೆನ್ನಾಗಿತ್ತು. ಚೈನು ಮತ್ತು ಅದರ ಹಲ್ಲು ಚಕ್ರಗಳನ್ನು ಹುಡುಕಿಕೊಂಡು ನಾವಿಬ್ಬರೂ ಒಂದು ಭಾನುವಾರ ಸುಳ್ಯದವರೆಗೆ ಹೋದೆವು. ತೊಂದರೆ ಬಂದದ್ದು ಒಂದೇ ಕಡೆ. ಇಂಜಿನಿನಿಂದ ಹೊರಗೆ ಬರುವ ಶಾಫ್ಟಿನ ದಪ್ಪ ಇಪ್ಪತ್ತು ಮಿಲಿಮೀಟರ್, ಚಕ್ರದ ತೂತು ಹದಿನೇಳು. ಶಾಫ್ಟನ್ನು ಮೂರು ಮಿಲಿಮೀಟರ್ ಸಣ್ಣ ಮಾಡಬೇಕು. ಲೇತ್ ಅಂಗಡಿಯವರು, ಇಂಜಿನನ್ನು ಪೂರ್ತಿ ಬಿಚ್ಚಿ ಒಳಗಿನ ಶಾಫ್ಟ್ ಮಾತ್ರ ತಂದುಕೊಡಿ, ಮೂರು ವಾರ ಆಗುತ್ತದೆ, ತಿರುಗಿ ಜೋಡಿಸಿದ ಮೇಲೆ ಓಡಿದರೆ ನಿಮ್ಮ ಪುಣ್ಯ ಎಂದರು. ಕಾಕ ಇಂಜಿನನ್ನು ಹೊತ್ತುಕೊಂಡು ಮನೆಗೆ ಹೊರಟರು. ದಾರಿಯಲ್ಲಿ ಬಸ್ಸಿನಲ್ಲಿ ಕೇಳಿದ ಒಂದೇ ಪ್ರಶ್ನೆ, ಲೇತ್‌ನಲ್ಲಿ ಎಂತ ಆಗುದು ಎಂದು. ಕಬ್ಬಿಣ ತಿರುಗುತ್ತದೆ, ಉಳಿ ನಿಲ್ಲುತ್ತದೆ ಎಂದೆ. “ಇದು ತಿರುಗ್ತದಲ್ಲ ಮಾರಾಯ, ಇಂಜಿನ್ ಅಲ್ವಾ” ಎಂದರು.

ಅಷ್ಟು ಸರಳ. ಅಂಗಳದ ಮೂಲೆಯಲ್ಲಿ ಹಲಸಿನ ದಿಮ್ಮಿ ಹುಗಿದು ಇಂಜಿನನ್ನು ಅದಕ್ಕೆ ಬಿಗಿದರು. ಗಾಳಿ ಎಳೆಯುವ ಬಾಯಿಗೆ ಕಬ್ಬಿಣದ ಪುಡಿ ಹೋಗದಂತೆ ಹಳೆ ಬನಿಯನ್ನಿನ ಬಟ್ಟೆ ಕಟ್ಟಿದರು. ಶಾಫ್ಟಿನ ಕೆಳಗೆ ಕೈಯೂರಲು ಒಂದು ಮರದ ಕಟ್ಟೆ. ಇಂಜಿನ್ ಚಾಲು ಮಾಡಿ, ತಿರುಗುವ ಶಾಫ್ಟಿಗೆ ಅರ ಹಿಡಿದರು. ಇಂಜಿನ್ ತನ್ನ ಶಾಫ್ಟನ್ನು ತಾನೇ ಕಡೆಯುತ್ತಿತ್ತು. ಫೆಬ್ರವರಿ ಎಂಟರಿಂದ ಇಪ್ಪತ್ತಾರರವರೆಗೆ, ಎರಡು ದಿನ ಬಿಟ್ಟು, ಹದಿನೇಳು ಸಂಜೆ. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಕೂತರೆ ಸೂರ್ಯ ಮುಳುಗಿ ಮಗ್ರಿಬಿನ ಬಾಂಗು ಆಗುವವರೆಗೆ. ನಾನು ಕೆಲಸ ಬಿಟ್ಟು ಬಸ್ಸಿಳಿದು ಕೆಳಗೆ ಹೋಗುವ ಹೊತ್ತಿಗೆ ಮುಗಿಸುತ್ತಿದ್ದರು. ದಪ್ಪ ಅಳೆಯುವ ವರ್ನಿಯರ್ ನನ್ನದು. ಅಳೆದು ಡೈರಿಯಲ್ಲಿ ಬರೆಯುವುದು ನನ್ನ ಪಾಲಿನ ಕೆಲಸ.

ನಾನು ಅಳೆಯುವ ಮೊದಲು ಅವರು ಎರಡು ಬೆರಳಿನಲ್ಲಿ ಶಾಫ್ಟನ್ನು ಹಿಡಿದು ಅಂದಾಜು ಹೇಳುತ್ತಿದ್ದರು. ಹದಿನೇಳು ದಿನದಲ್ಲಿ ಹದಿಮೂರು ದಿನ ಅವರ ಬೆರಳು ಮತ್ತು ನನ್ನ ವರ್ನಿಯರ್ ಒಂದೇ ಮಾತು ಹೇಳಿದವು. ಉಳಿದ ನಾಲ್ಕು ದಿನ ವ್ಯತ್ಯಾಸ ಒಂದು ಕೂದಲಿನಷ್ಟು. ನಿನ್ನ ಅಳತೆಗೋಲು ಹಳತಾಯಿತು ಎಂದು ನನ್ನನ್ನೇ ತಮಾಷೆ ಮಾಡುತ್ತಿದ್ದರು.

ಉಮ್ಮ ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು. ಶಬ್ದಕ್ಕೆ ತಲೆನೋವು ಎಂದು ಹೇಳಿದರೂ ಒಳಗೆ ಹೋಗುತ್ತಿರಲಿಲ್ಲ. ಆ ಗಾಡಿಗೆ ಅವರು ಆಗಲೇ ‘ಕಪ್ಪಲು’ ಎಂದು ಹೆಸರಿಟ್ಟಿದ್ದರು. ಬ್ಯಾರಿ ಭಾಷೆಯಲ್ಲಿ ಹಡಗು. ನೀವು ವಿಮಾನ ಹತ್ತಿ ಹೋದವರು, ನನಗಾದರೆ ಮುದುಕಿಯಾದ ಮೇಲೆ ಅಂಗಳದಲ್ಲಿ ಮಾಡಿದ ಕಪ್ಪಲು ಎಂದು ಕಾಕನನ್ನು ಚುಚ್ಚುತ್ತಿದ್ದರು. ಕಾಕ ಕೇಳಿಸದವರಂತೆ ಅರ ಒರಸುತ್ತಿದ್ದರು. ಆದರೆ ಆ ತಿಂಗಳು ಉಮ್ಮ ಆಸ್ಪತ್ರೆಗೆ ಹೋಗುವುದಿಲ್ಲ ಎಂದು ಒಂದು ಸಲವೂ ಹೇಳಲಿಲ್ಲ. ಕುರ್ಚಿಯಲ್ಲಿ ಮುಖ ಮುಚ್ಚಿಕೊಂಡು ಬಂದರು. ಇನ್ನು ಸ್ವಲ್ಪ ದಿನ ತಾನೇ ಎಂಬ ಹಾಗೆ.

ಫೆಬ್ರವರಿ ಇಪ್ಪತ್ತಾರರಂದು ನಾನು ಹೋದಾಗ ಕೆಲಸ ಮುಗಿದಿತ್ತು. ಸರಿಯಾಗಿ ಹದಿನೇಳು. ಚಕ್ರವನ್ನು ಶಾಫ್ಟಿಗೆ ದೂಡಿದರೆ ಯಾರೋ ನಿಧಾನ ಉಸಿರು ಬಿಟ್ಟ ಹಾಗೆ ಶಬ್ದವಾಗಿ ಒಳಗೆ ಕೂತಿತು. ತಿರುಗಿ ತೆಗೆದು ನೋಡಿದೆ. ದಪ್ಪ ಭಾಗ ಮುಗಿದು ಸಣ್ಣ ಭಾಗ ಶುರುವಾಗುವಲ್ಲಿ ಒಂದು ಮೂಲೆ ಇತ್ತು. ಕಾಕನ ಮೂಲೆ. ಬಾಗಿಲಿನ ಸಂದಿನದ್ದೇ ಮೂಲೆ.

ಅಲ್ಲಿ ಅದು ಇರಬಾರದಿತ್ತು. ತಿರುಗುವ ಶಾಫ್ಟಿನಲ್ಲಿ ದಪ್ಪ ಬದಲಾಗುವ ಕಡೆ ಚೂಪು ಮೂಲೆ ಬಿಡಬಾರದು, ಸಣ್ಣ ಉರುಟು ಬಿಡಬೇಕು. ಇಲ್ಲವಾದರೆ ಎಳೆತವೆಲ್ಲ ಬಂದು ಆ ಗೆರೆಯಲ್ಲಿ ಸೇರಿ ಕಬ್ಬಿಣ ಅಲ್ಲಿಂದಲೇ ಬಿರಿಯುತ್ತದೆ. ಇದನ್ನು ಎರಡನೇ ವರ್ಷದಲ್ಲಿ ಕಲಿತಿದ್ದೆ. ಪರೀಕ್ಷೆಯಲ್ಲಿ ಚಿತ್ರ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ.

“ಕಾಕಾ, ಈ ಮೂಲೆ ನೋಡಿದ್ರಾ?” ಎಂದೆ.

ಅವರು ಬಗ್ಗಿ, ಕನ್ನಡಕ ಮೇಲೆ ಮಾಡಿ, ಉಗುರನ್ನು ಶಾಫ್ಟಿನ ಸುತ್ತ ಒಂದು ಸುತ್ತು ತಂದರು. ಒಂದು ಕಡೆ ಉಗುರು ನಿಂತಿತು.

“ಹೌದು ಮಾರಾಯ. ಕಣ್ಣು ಒಳ್ಳೆದುಂಟು ನಿಂದು. ಇಲ್ಲಿ ಸ್ವಲ್ಪ ಉರುಟು ಉಳಿದಿದೆ” ಎಂದು, ಮೂರು ಮೂಲೆಯ ಸಣ್ಣ ಅರ ತೆಗೆದು, ನಾನು ನೋಡುತ್ತಿರುವ ಹಾಗೆಯೇ ಆ ಉಳಿದಿದ್ದ ಉರುಟನ್ನೂ ತೆಗೆದುಬಿಟ್ಟರು. ತೆಗೆದು ನನ್ನ ಮುಖ ನೋಡಿದರು. ಬಾಗಿಲು ಮುಗಿಸಿದವರು ಮನೆಯ ಯಜಮಾನನ ಮುಖ ನೋಡುತ್ತಾರಲ್ಲ, ಹಾಗೆ.

ಆಗ ಹೇಳಬೇಕಿತ್ತು. ಅರೆದು ತೆಗೆದ ಕಬ್ಬಿಣ ತಿರುಗಿ ಅಂಟುವುದಿಲ್ಲ; ಹೇಳಿದರೆ ಇನ್ನೊಂದು ಇಂಜಿನ್, ಇನ್ನು ಹದಿನೇಳು ಸಂಜೆ. ಸಣ್ಣ ಇಂಜಿನ್, ನಡಿಗೆಯ ವೇಗ, ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದಕ್ಕಿಂತ ದೊಡ್ಡ ಕಾರಣ, ಕಾಕನಿಗೆ ಮೂಲೆಯ ಬಗ್ಗೆ ಪಾಠ ಹೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಜಗಲಿಯಿಂದ ಉಮ್ಮ ಕೇಳಿದರು:

“ಗಟ್ಟಿ ಉಂಟಾ ಮೋನೆ?”

“ಉಂಟು ಉಮ್ಮ” ಎಂದೆ.

ಆ ದಿನ ಡೈರಿಯಲ್ಲಿ ಹೀಗಿದೆ: ‘ಅಳತೆ 17.00. ಮೂಲೆ ತೀರಾ ಚೂಪು. ಹೇಳಬೇಕು.’ ಮಾಡಬೇಕಾದ ಕೆಲಸದ ಎದುರು ಸಣ್ಣ ಚೌಕ ಬರೆದು, ಆದ ಮೇಲೆ ಗುರುತು ಹಾಕುವುದು ನನ್ನ ಅಭ್ಯಾಸ. ತಿಂಗಳ ಕೊನೆಗೆ ಉಳಿದದ್ದನ್ನು ಮುಂದಿನ ತಿಂಗಳ ಮೊದಲ ಪುಟಕ್ಕೆ ಇಳಿಸುತ್ತೇನೆ. ಆ ಚೌಕವನ್ನು ಏಳು ಸಲ ಇಳಿಸಿದ್ದೇನೆ.

ಗಾಡಿ ಚೆನ್ನಾಗಿ ಬಂತು. ಮುಂದೆ ಒಂದು ಚಕ್ರ, ಹಿಂದೆ ಎರಡು. ನಡುವೆ ಒರಗುವ ಹಲಗೆಯಿದ್ದ ಮರದ ಪೀಠ, ಅದರ ಹಿಂದೆ ಇಂಜಿನ್, ಅದರ ಹಿಂದೆ ಎರಡು ಹಿಡಿಗಳನ್ನು ಹಿಡಿದುಕೊಂಡು ನಡೆಯುವ ಕಾಕ. ಎಲ್ಲಕ್ಕಿಂತ ಕೆಳಗೆ ಕಿರಾಲ್‌ಬೋಗಿ ಮರದ ಒಂದು ತೋಳು. ಗಾಡಿ ಮುಂದೆ ಹೋಗುವಾಗ ಅದು ನೆಲಕ್ಕೆ ಎಳೆಯುತ್ತ ಬರುತ್ತದೆ, ಹಿಂದೆ ಜಾರಿದರೆ ಮಣ್ಣಿಗೆ ಕಚ್ಚಿ ನಿಲ್ಲುತ್ತದೆ. ಅದನ್ನು ಕಾಕ ಒಂದೇ ದಿನದಲ್ಲಿ ಮಾಡಿದರು. ಮರ ಅಲ್ಲವೇ, ಅದಕ್ಕೆ ಅವರಿಗೆ ಯಾರ ಅಳತೆಯೂ ಬೇಡ.

ಮಾರ್ಚ್ ಹದಿನೆಂಟು, ಮಂಗಳವಾರ, ಮೊದಲ ಏರು. ಉಪವಾಸದ ತಿಂಗಳು. ಕಾಕ ನೀರೂ ಕುಡಿಯದೆ ಗಾಡಿಯ ಹಿಂದೆ ನಡೆದರು. ಟ್ಯಾಪಿಂಗಿನ ಅಣ್ಣ ಬರೆಯ ಮೇಲೆ ನಿಂತು, ಇದಕ್ಕೆ ಲೈಸೆನ್ಸ್ ಉಂಟಾ ಕಾಕಾ, ಹಾರ್ನ್ ಎಲ್ಲಿ ಎಂದು ಕೂಗಿದರು.

“ಹಾರ್ನ್ ಮುಂದೆ ಕೂತಿದೆ, ನೀನು ದಾರಿ ಬಿಡು” ಎಂದರು ಕಾಕ.

ಉಮ್ಮ ತಿರುಗಿ ಏನೋ ಬೈದರು. ತಲೆಯ ಬಟ್ಟೆ ಹೆಗಲಿನ ಮೇಲಿತ್ತು. ಮುಖ ತೆರೆದಿತ್ತು. ಆರು ನಿಮಿಷದಲ್ಲಿ ಮೇಲೆ ಬಂದರು. ಆ ದಾರಿಯ ಬದಿಯಲ್ಲಿ ಹೊಸದಾಗಿ ಎಷ್ಟು ರಬ್ಬರ್ ಗಿಡ ನೆಟ್ಟಿದ್ದಾರೆ ಎಂದು ರಿಕ್ಷಾ ಹತ್ತುವಾಗ ಕೇಳಿದರು. ಎರಡು ವರ್ಷ ಅದೇ ದಾರಿಯಲ್ಲಿ ಹೋಗಿ ಬಂದವರು ಅದನ್ನು ಅಂದೇ ಮೊದಲು ನೋಡಿದ್ದು.

ಅಂದಿನಿಂದ ಪ್ರತಿ ಏರಿಗೂ ಡೈರಿಯಲ್ಲಿ ಒಂದು ಗೀಟು ಹಾಕಿದೆ. ಐದೈದರ ಕಟ್ಟು. ಮಳೆಗಾಲದಲ್ಲಿ ಕಾಕ ಗಾಡಿಗೆ ತಗಡಿನ ಮಾಡು ಹೊದಿಸಿದರು, ತಾವು ನೆನೆದುಕೊಂಡೇ ನಡೆದರು. ಒಂದೊಂದು ಗೀಟು ಹೆಚ್ಚಾದ ಹಾಗೂ ಆ ಚೌಕ ಸಣ್ಣದಾಗುತ್ತ ಬಂದಂತೆ ನನಗೆ ಕಂಡಿತು. ಮೂವತ್ತು ಸಲ ಹತ್ತಿದ್ದು ಮೂವತ್ತೊಂದನೇ ಸಲವೂ ಹತ್ತುತ್ತದೆ ಎಂಬ ಲೆಕ್ಕ. ಕಬ್ಬಿಣದ ಲೆಕ್ಕ ಹಾಗಲ್ಲ ಎಂದು ಓದಿದ್ದವನೂ ನಾನೇ.

ಸೆಪ್ಟೆಂಬರ್ ನಾಲ್ಕು, ಗುರುವಾರ, ಎಪ್ಪತ್ತನಾಲ್ಕನೇ ಏರು. ನಾನು ಮೇಲೆ ರಸ್ತೆಯಲ್ಲಿ ಬಸ್ಸಿಗೆ ನಿಂತಿದ್ದೆ. ಇಂಜಿನಿನ ಸದ್ದು ಒಮ್ಮೆಲೇ ಕಿರಿಚಿ ಮೇಲೇರಿತು, ಹೊರೆ ಕಳಚಿದ ಇಂಜಿನಿನ ಸದ್ದು. ಆಮೇಲೆ ನಿಂತಿತು. ಓಡಿ ಕೆಳಗೆ ಹೋದೆ. ದಾರಿಯ ಅರ್ಧದಲ್ಲಿ, ಅತಿ ಕಡಿದಾದ ಕಡೆ, ಗಾಡಿ ನಿಂತಿತ್ತು. ಮರದ ತೋಳು ಮಣ್ಣಿಗೆ ಒಂದು ಗೇಣು ಇಳಿದು ಕಚ್ಚಿ ಹಿಡಿದಿತ್ತು. ಗಾಡಿ ಒಂದು ಅಡಿಯೂ ಜಾರಿರಲಿಲ್ಲ. ಶಾಫ್ಟ್ ತುಂಡಾಗಿ ಹಲ್ಲು ಚಕ್ರ ಚೈನಿನಲ್ಲಿ ನೇತಾಡುತ್ತಿತ್ತು.

ನಾನು ಹತ್ತಿರ ಹೋಗುವಷ್ಟರಲ್ಲಿ ಉಮ್ಮ ತಲೆಯ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡಿದ್ದರು.

ಅವರನ್ನು ಹೊತ್ತು ರಿಕ್ಷಾಕ್ಕೆ ಮುಟ್ಟಿಸಿದೆವು. ಮಗಳು ದರ್ಬೆಯಿಂದ ನೇರ ಆಸ್ಪತ್ರೆಗೆ ಬರುತ್ತೇನೆಂದಳು. ಕಾಕ ಗಾಡಿಯ ಹತ್ತಿರವೇ ಉಳಿದರು. ನಾನು ತಿರುಗಿ ಹೋದಾಗ ಮುರಿದ ತುಂಡನ್ನು ಲುಂಗಿಯ ತುದಿಯಲ್ಲಿ ಒರಸಿ ಬೆಳಕಿಗೆ ಹಿಡಿದಿದ್ದರು.

“ಇದು ಇವತ್ತು ಮುರಿದದ್ದಲ್ಲ ಮೋನೆ. ನೋಡು.”

ನೋಡಿದೆ. ಮುರಿದ ಮುಖದಲ್ಲಿ ಒಂದರ ಹೊರಗೆ ಒಂದು ಸಣ್ಣ ಸಣ್ಣ ಬಳೆಯಂಥ ಗೆರೆಗಳು. ಅಂಚಿನ ಒಂದು ಬಿಂದುವಿನಿಂದ ಶುರುವಾಗಿ ಒಳಕ್ಕೆ ಹರಡಿದ್ದವು. ಕೊನೆಯಲ್ಲಿ ಒಂದು ಕಡಲೆಬೇಳೆಯಷ್ಟು ಜಾಗ ಮಾತ್ರ ದೊರಗಾಗಿ, ಹೊಸದಾಗಿ ಹರಿದಿತ್ತು. ನಾನು ಓದಿದ್ದು ಇದನ್ನೇ. ಕಾಕ ಓದಿದವರಲ್ಲ. ಆದರೆ ಅಡ್ಡ ಕೊಯ್ದ ಮರದಲ್ಲಿ ಬಳೆ ಎಣಿಸಿ ಯಾವ ವರ್ಷ ಮಳೆ ಕಡಿಮೆ ಎಂದು ಹೇಳುವವರು. ಅವರ ಉಗುರು ಗೆರೆಗಳ ಮೇಲೆ ಹಿಂದಕ್ಕೆ ಹೋಗಿ ಆ ಬಿಂದುವಿನಲ್ಲಿ ನಿಂತಿತು.

“ಮೂಲೆಯಿಂದ ಶುರು” ಎಂದರು. ತುಂಡನ್ನು ನನ್ನ ಕಡೆಗೆ ತಿರುಗಿಸಿ ಕೇಳಿದರು, “ಮೂಲೆ ಚೂಪಾದ್ರೆ ಕಬ್ಬಿಣಕ್ಕೆ ಆಗುದಿಲ್ವಾ? ನಿಮ್ಮ ಪುಸ್ತಕದಲ್ಲಿ ಉಂಟಾ ಅದು?”

“ನೋಡ್ಬೇಕು ಕಾಕಾ” ಎಂದೆ.

“ನೋಡು. ಇದ್ರೆ ಹೇಳು. ಇನ್ನೊಂದು ಮಾಡುವಾಗ ಬೇಕಲ್ಲ.”

ಆ ರೀತಿಯ ಇನ್ನೊಂದು ಇಂಜಿನ್ ಹುಡುಕುವುದನ್ನು ನಾನು ಆ ದಿನವೇ ಶುರು ಮಾಡಿದೆ. ಹಳೆ ಮಾದರಿ, ಸುಲಭದಲ್ಲಿ ಸಿಗುವಂಥದ್ದಲ್ಲ. ಕಡಬ, ಪುತ್ತೂರು, ಸುಳ್ಯ, ಮೂರೂ ಕಡೆ ಹನ್ನೊಂದು ಅಂಗಡಿ ಕೇಳಿದೆ. ಕಂಪನಿಯವರಿಗೆ ನಾಲ್ಕು ಸಲ ಫೋನ್ ಮಾಡಿದೆ. ಕುರ್ಚಿ ತಿರುಗಿ ಬಂತು. ಆ ಮೇಲೆ ಉಮ್ಮನಿಗೆ ಎಂಟು ಡಯಾಲಿಸಿಸ್ ಇದ್ದವು. ನಾಲ್ಕಕ್ಕೆ ಹೋದರು, ನಾಲ್ಕಕ್ಕೆ ಹೋಗಲಿಲ್ಲ. ಹೋಗದ ದಿನ ನಾವು ನಾಲ್ಕು ಜನ ಅಂಗಳದಲ್ಲಿ ನಿಂತಿರುತ್ತಿದ್ದೆವು, ಕಾಕ ಒಳಗೆ ಹೋಗಿ ಹೊರಗೆ ಬಂದು ತಲೆಯಾಡಿಸುತ್ತಿದ್ದರು. ಮಗಳು ಬಂದು ಅತ್ತಳು. ಟ್ಯಾಪಿಂಗಿನ ಅಣ್ಣ ಬಾಗಿಲಿನ ಹೊರಗಿನಿಂದ, ಉಮ್ಮಾ, ನೀವು ನಮಗೆ ಒಂದು ಹೂವಿನ ಭಾರವೂ ಅಲ್ಲ ಎಂದು ಹೇಳಿದರು. ಅವರು ಹಾಗೆ ನಗದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಒಳಗಿನಿಂದ ಉಮ್ಮ, ಕಪ್ಪಲು ಸರಿಯಾಗಲಿ, ಬರುತ್ತೇನೆ ಎಂದರು.

ಸೆಪ್ಟೆಂಬರ್ ಇಪ್ಪತ್ತನಾಲ್ಕು, ಬುಧವಾರ, ಉಮ್ಮ ತೀರಿಕೊಂಡರು. ಇಂಜಿನ್ ಸುಳ್ಯದ ಅಂಗಡಿಯಲ್ಲಿ ಸಿಕ್ಕಿದ್ದು ಇಪ್ಪತ್ತಾರಕ್ಕೆ. ತಂದು ಜಗಲಿಯಲ್ಲಿ ಇಟ್ಟೆ. ಕಾಕ ಅದರ ಪೆಟ್ಟಿಗೆಯನ್ನು ಕೊನೆಯವರೆಗೂ ತೆರೆಯಲಿಲ್ಲ.

ಆ ದಿನಗಳಲ್ಲಿ ನಾನು ಒಂದು ಲೆಕ್ಕ ಹಾಕಿದ್ದೇನೆ. ನಿಮಿಷಕ್ಕೆ ಮೂರು ಸಾವಿರ ಸುತ್ತು, ಒಂದು ಏರಿಗೆ ಆರು ನಿಮಿಷ, ಎಪ್ಪತ್ತಮೂರೂವರೆ ಏರು. ಹದಿಮೂರು ಲಕ್ಷದ ಇಪ್ಪತ್ತಮೂರು ಸಾವಿರ. ಒಂದೊಂದು ಸುತ್ತಿಗೂ ಆ ಮೂಲೆ ಒಂದು ಸಲ ಎಳೆತ ತಿಂದಿದೆ. ಅಷ್ಟು ಸಲ ನನಗೆ ಸಮಯ ಇತ್ತು.

ಮಸೀದಿಯ ಹತ್ತಿರದ ಚಾದಂಗಡಿಯಲ್ಲಿ ಯಾರೋ ಈ ಮಾತು ತೆಗೆದರಂತೆ. ಡಿಪ್ಲೊಮಾ ಓದಿದ ಹುಡುಗ ದಿನಾ ಬಂದು ಅಳೆಯುತ್ತಿದ್ದನಲ್ಲ, ಅವನಿಗೆ ಇದು ಗೊತ್ತಾಗಲಿಲ್ಲವೇ ಎಂದು. ಕಾಕ ಲೋಟ ಕೆಳಗಿಟ್ಟು, ಗೊತ್ತಿದ್ದರೆ ಅವ ಹೇಳದೆ ಇರುವವನಲ್ಲ ಎಂದರಂತೆ. ಇದನ್ನು ನನಗೆ ಹೇಳಿದವರು ಟ್ಯಾಪಿಂಗಿನ ಅಣ್ಣ, ನನಗೆ ಸಮಾಧಾನ ಆಗಲಿ ಎಂದು.

ಉಮ್ಮ ಹೋದ ಮೇಲೆಯೂ ಕಾಕ ಮಂಗಳವಾರ, ಗುರುವಾರ, ಶನಿವಾರ ಅದೇ ಹೊತ್ತಿಗೆ ದಾರಿ ಹತ್ತಿ ಬಂದು ಪುತ್ತೂರಿನ ಬಸ್ಸು ಹಿಡಿಯುತ್ತಿದ್ದರು. ಆಸ್ಪತ್ರೆಯ ವರಾಂಡದಲ್ಲಿ ಕೂತು, ಒಳಗೆ ಯಾರ್‍ಯಾರು ಬಂದಿದ್ದಾರೆ ಎಂದು ವಿಚಾರಿಸಿ, ಮಧ್ಯಾಹ್ನದ ಮೇಲೆ ಮರಳುತ್ತಿದ್ದರು. ಅಲ್ಲಿಯ ಬೆಂಚಿನ ಒಂದು ಕಾಲು ಅಲುಗುತ್ತಿತ್ತಂತೆ, ಅದನ್ನು ಸರಿ ಮಾಡಿದರಂತೆ. ಬೇರೆ ಕೆಲಸವನ್ನು ಅವರು ಮಾಡಿದ್ದು ಯಾರಿಗೂ ಗೊತ್ತಿಲ್ಲ. ಉಳಿ, ಕೀಸುಳಿಗಳಿಗೆ ಎಣ್ಣೆ ಹಚ್ಚಿ ಕಟ್ಟಿಟ್ಟಿದ್ದಾರೆ ಎಂದೇ ನಾವೆಲ್ಲ ತಿಳಿದಿದ್ದೆವು.

ಡಿಸೆಂಬರ್ ಹನ್ನೊಂದು, ಗುರುವಾರ, ಅಂಗಡಿಗೆ ಬಂದರು. ಗಿರಾಕಿ ಒಬ್ಬರಿದ್ದರು, ಅವರು ಹೋಗುವವರೆಗೆ ಸ್ಟೂಲಿನ ಮೇಲೆ ಕೂತಿದ್ದರು. ಶೋಕೇಸಿನ ಮೂಲೆಯನ್ನು ಮುಟ್ಟಲಿಲ್ಲ. ಆಮೇಲೆ ಚೀಲದಿಂದ ಒಂದು ವಸ್ತು ತೆಗೆದು ಮೇಜಿನ ಮೇಲಿಟ್ಟರು. ಕಿರಾಲ್‌ಬೋಗಿ ಮರದಲ್ಲಿ ಮಾಡಿದ ಶಾಫ್ಟ್. ಒಂದು ಗೇಣು ಉದ್ದ. ಇಪ್ಪತ್ತು ಮಿಲಿಮೀಟರ್ ದಪ್ಪ, ಅಲ್ಲಿಂದ ಹದಿನೇಳು. ಎರಡೂ ಸೇರುವಲ್ಲಿ ಮೂಲೆ ಇರಲಿಲ್ಲ. ದಪ್ಪವು ಸಣ್ಣದರೊಳಗೆ ನಿಧಾನ ಇಳಿದು ಹೋಗಿತ್ತು.

“ಇಷ್ಟು ಉರುಟು ಇದ್ದಿದ್ರೆ ಸಾಕಿತ್ತಾ ಮೋನೆ?”

ಪುಸ್ತಕ ನೋಡಬೇಕು ಎಂದು ಮತ್ತೊಮ್ಮೆ ಹೇಳುವುದು ನನ್ನಿಂದ ಆಗಲಿಲ್ಲ.

“ಸಾಕಿತ್ತು ಕಾಕಾ.”

ಅವರು ನನ್ನನ್ನು ನೋಡಲಿಲ್ಲ. ಶಾಫ್ಟನ್ನೇ ನೋಡುತ್ತಿದ್ದರು. ಹಾಂ ಎಂದರು. ಹೊರಗೆ ಸುಬ್ರಹ್ಮಣ್ಯದ ಬಸ್ಸು ಹೋಯಿತು, ಆಮೇಲೆ ಇನ್ನೊಂದು.

“ಉರುಟು ಮಾಡುದು ಕಷ್ಟ ಮಾರಾಯ. ಕೈ ಬಗ್ಗುದಿಲ್ಲ. ನಾಲ್ಕು ಹಾಳು ಮಾಡಿ ಬಿಸಾಡಿದೆ, ಇದು ಐದನೆದು.” ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. ನಾನು ಶಾಫ್ಟನ್ನು ಅವರ ಕಡೆಗೆ ಚಾಚಿದೆ. ತೆಗೆದುಕೊಳ್ಳಲಿಲ್ಲ.

“ನಿನ್ನ ಹತ್ರ ಇರ್ಲಿ. ಇನ್ನು ಯಾರಾದ್ರೂ ಬಂದು ಕೇಳಿದ್ರೆ ತೋರಿಸು.”

ನನಗೆ ಗೊತ್ತಿತ್ತು ಎಂಬುದು ಅವರಿಗೆ ಆಗ ಗೊತ್ತಾಯಿತೇ, ಅದಕ್ಕೂ ಮೊದಲೇ ಗೊತ್ತಿತ್ತೇ, ಕೊನೆಯವರೆಗೂ ಗೊತ್ತೇ ಇರಲಿಲ್ಲವೇ, ನಾನು ಹೇಳಲಾರೆ. ಆಮೇಲೆ ಎರಡು ತಿಂಗಳು ಅವರು ಬದುಕಿದ್ದರು. ಬಸ್ ನಿಲ್ದಾಣದಲ್ಲಿ, ದಾರಿಯಲ್ಲಿ, ಹತ್ತೊಂಬತ್ತು ಸಲ ಎದುರು ಸಿಕ್ಕಿದ್ದಾರೆ. ಹತ್ತೊಂಬತ್ತು ಸಲವೂ ಊಟ ಆಯಿತಾ ಎಂದು ಕೇಳಿದ್ದಾರೆ.

ಫೆಬ್ರವರಿ ಹನ್ನೆರಡರಂದು ಅವರನ್ನು ಆ ದಾರಿಯಲ್ಲಿಯೇ ಮೇಲಕ್ಕೆ ತಂದೆವು. ಹೆಗಲು ಕೊಡುವವರು ತುಂಬ ಜನ ಇದ್ದರು. ನನ್ನ ಸರದಿ ಎರಡು ಸಲ ಬಂತು. ಎರಡನೆಯದು ಬಂದದ್ದು ದಾರಿಯ ಅರ್ಧದಲ್ಲಿ, ಆ ಕಡಿದಾದ ಕಡೆ. ಮರದ ತೋಳು ಕಚ್ಚಿದ್ದ ಗುಂಡಿ ಅಲ್ಲಿ ಇನ್ನೂ ಇದೆ. ಕಾಲು ಅದರಲ್ಲಿ ಇಳಿಯಿತು. ಟ್ಯಾಪಿಂಗಿನ ಅಣ್ಣ ಹಿಂದಿನಿಂದ ನನ್ನ ಭುಜ ಹಿಡಿದು ನಿಲ್ಲಿಸಿದರು.

ಮನೆಗೆ ಬಂದು ಕೈಕಾಲು ತೊಳೆದು ಹಿಂದಿನ ವರ್ಷದ ಡೈರಿ ತೆಗೆದೆ. ಫೆಬ್ರವರಿ ಇಪ್ಪತ್ತಾರರ ಪುಟದಲ್ಲಿ ಚೌಕ ಖಾಲಿಯೇ ಇದೆ. ವರ್ನಿಯರ್ ತೆಗೆದು, ಅಂಗಡಿಯಿಂದ ತಂದಿಟ್ಟುಕೊಂಡಿದ್ದ ಮರದ ಶಾಫ್ಟನ್ನು ಮೊದಲ ಸಲ ಅಳೆದೆ. ಆಮೇಲೆ ಉರುಟು ಅಳೆಯುವ ಗೇಜನ್ನು ಹಾಕಿ ಆ ಮೂಲೆಯನ್ನು ಎಂಟು ಕಡೆ ನೋಡಿದೆ. ಎಂಟು ಕಡೆಯೂ ಒಂದೇ ಅಳತೆ. ಚೌಕದ ಕೆಳಗೆ ಉಳಿದಿದ್ದ ಜಾಗದಲ್ಲಿ ಬರೆದೆ:

‘ದಪ್ಪ 20.00. ಸಣ್ಣ 17.00. ಮೂಲೆ ಉರುಟು, ಒಂದೂವರೆ ಮಿಲಿಮೀಟರ್, ಸುತ್ತಲೂ ಒಂದೇ ಸಮ.’